ಸನದು ತಿದ್ದುವುದು, ಮರುಪರಿಶೀಲಿಸುವುದು, ಸಂಸ್ಥೆಯನ್ನು ಬಲಪಡಿಸುವುದು: ಮೂರಕ್ಕೂ ಬೇರೆ ಬೇರೆ ಪದ ಬೇಕಲ್ವಾ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಪದವಿ ತರಗತಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ವಿಶ್ವಸಂಸ್ಥೆಯ ಬಗ್ಗೆ ಓದಲು ಸುಲಭವಾದ ಒಂದಿಷ್ಟು ಪುಟ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಸಮಿತಿಯ ಹೆಸರಿನ ಹತ್ತಿರ ಕೈ ನಿಂತಿದೆ. 1975ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಮಾಡಿದ ವಿಶೇಷ ಸಮಿತಿ ಅದು. ಇವತ್ತಿಗೂ ನ್ಯೂಯಾರ್ಕ್‌ನಲ್ಲಿ ವರ್ಷಕ್ಕೊಮ್ಮೆ ಸೇರುತ್ತದೆ. ಇಂಗ್ಲಿಷ್ ಹೆಸರು ಉದ್ದ. ಬಿಡಿಸಿ ಹೇಳಿದರೆ ‘ವಿಶ್ವಸಂಸ್ಥೆಯ ಚಾರ್ಟರ್ ಕುರಿತ, ಮತ್ತು ಸಂಸ್ಥೆಯ ಪಾತ್ರವನ್ನು ಬಲಪಡಿಸುವ ಕುರಿತ ಸಮಿತಿ’ ಎಂದಾಗುತ್ತದೆ. ಚಾರ್ಟರ್ ಎಂದರೆ ವಿಶ್ವಸಂಸ್ಥೆಯನ್ನು ಹುಟ್ಟುಹಾಕಿದ ಒಪ್ಪಂದ. ವಿದ್ಯಾರ್ಥಿಗಳು ಇದನ್ನು ‘ಚಾರ್ಟರ್ ಬಲವರ್ಧನಾ ಸಮಿತಿ’ ಎಂದು ಮೊಟಕು ಮಾಡುತ್ತಾರೆ. ಬರೆಯಲು ಹಗುರ, ಆದರೆ ಅರ್ಥ ಕೆಟ್ಟಿತು. ಬಲ ಬರಬೇಕಾದದ್ದು ಚಾರ್ಟರಿಗಲ್ಲ, ಸಂಸ್ಥೆಯ ಪಾತ್ರಕ್ಕೆ. ಹೆಸರಿನ ನಡುವೆ ಇರುವ ‘ಮತ್ತು’ ಸುಮ್ನೆ ಬಂದದ್ದಲ್ಲ. ಫಿಲಿಪೀನ್ಸ್‌ನಂಥ ದೇಶಗಳು ಚಾರ್ಟರನ್ನೇ ಮತ್ತೆ ಕೈಗೆತ್ತಿಕೊಳ್ಳೋಣ ಎನ್ನುತ್ತಿದ್ದವು. ಅದರ ಒಂದಕ್ಷರವನ್ನೂ ಮುಟ್ಟಬೇಡಿ ಎಂದು ಸೋವಿಯತ್ ಒಕ್ಕೂಟ ಹಟ ಹಿಡಿದಿತ್ತು. ಇಬ್ಬರೂ ಒಂದೇ ಮೇಜಿಗೆ ಬಂದು ಕೂರುವಂತಾದದ್ದು ಆ ‘ಮತ್ತು’ವಿನಿಂದ. ಕನ್ನಡದಲ್ಲಿ ಅದನ್ನು ನುಂಗಿಬಿಟ್ಟರೆ ಜಗಳವೇ ಕಾಣಿಸುವುದಿಲ್ಲ.

ಮೊದಲು ‘ಚಾರ್ಟರ್’ ಪದವನ್ನೇ ನೋಡೋಣ. ಕನ್ನಡದಲ್ಲಿ ಸನದು, ಸನ್ನದು ಎರಡೂ ಓಡಾಡುತ್ತಿವೆ. ‘ಪ್ರಣಾಳಿಕೆ’ ಎನ್ನುವವರೂ ಇದ್ದಾರೆ. ಆದರೆ ಆ ಪದ ಚುನಾವಣೆಯ ಪಾಲಾಗಿದೆ, ವಾಪಸ್ ತರುವುದು ಕಷ್ಟ. ‘ಘೋಷಣಾಪತ್ರ’ವೂ ಒಗ್ಗುವುದಿಲ್ಲ. 1948ರ ಮಾನವ ಹಕ್ಕುಗಳ ಘೋಷಣೆ ಬೇರೆ, ಇದು ಬೇರೆ. ಇದು ಸಹಿ ಹಾಕಿದ ದೇಶವನ್ನು ಕಟ್ಟಿಹಾಕುವ ಒಪ್ಪಂದ. ನಮ್ಮ ಕಡೆ ಉರ್ದು ಓದಿದವರು ‘ಮನ್ಶೂರ್’ ಎನ್ನುತ್ತಾರೆ. ಉರ್ದುವಿನಲ್ಲಿ ಪಕ್ಷಗಳ ಪ್ರಣಾಳಿಕೆಗೂ ಅದೇ ಪದ, ಹಾಗಾಗಿ ಅಲ್ಲೂ ಇದೇ ಗೊಂದಲ. ಅರಬ್ಬಿಯವರು ‘ಮೀಸಾಕ್’ ಎನ್ನುತ್ತಾರೆ, ಅಂದರೆ ಕರಾರು.

ತರಗತಿಯಲ್ಲಿ ‘ಸನ್ನದು’ ಎಂದು ಬೋರ್ಡಿನ ಮೇಲೆ ಬರೆದಾಗ ಆಳಂದ ಕಡೆಯ ಹುಡುಗನೊಬ್ಬ ಕೇಳಿದ: ‘ಸರ್, ಇದು ವೈನ್‌ಶಾಪಿಗೆ ಕೊಡೋ ಸನ್ನದು ಅಲ್ಲೇನ್ರಿ?’ ಕೇಳಿದ್ದು ಸರಿಯಾಗಿಯೇ ಇದೆ. ಅಬಕಾರಿ ಇಲಾಖೆಯ ಪ್ರಕಟಣೆಗಳಲ್ಲಿ ಅಂಗಡಿಯವರು ‘ಸನ್ನದುದಾರರು’. ವಕೀಲರು ಕರಿಕೋಟು ಹಾಕುವ ಮೊದಲು ಪಡೆಯುವುದೂ ಸನದೇ. ಬೀದರ್‌ನಲ್ಲಿ ನನ್ನ ಪರಿಚಯದ ಮನೆಯೊಂದರಲ್ಲಿ ಇನಾಮು ಜಮೀನಿನ ಹಳೆಯ ಸನದು ಇದೆ. ದಪ್ಪ ಕಾಗದ, ಮಡಿಕೆ ಮಡಿಕೆಗೂ ಹರಿದಿದೆ, ಹಿಂದುಗಡೆ ಬಿಳಿ ಬಟ್ಟೆ ಅಂಟಿಸಿದ್ದಾರೆ. ಮೇಲ್ಗಡೆ ದುಂಡನೆಯ ಮೊಹರು, ಕೆಳಗೆ ಫಾರ್ಸಿ ಸಾಲುಗಳು. ಆ ಮನೆಯಲ್ಲಿ ಈಗ ಯಾರಿಗೂ ಫಾರ್ಸಿ ಬರುವುದಿಲ್ಲ. ಆದರೂ ಕೊಟ್ಟವರು ಯಾರು, ಪಡೆದವರು ಯಾರು, ಯಾವ ಹೊಲ ಎನ್ನುವುದು ಎಲ್ಲರಿಗೂ ಬಾಯಿಪಾಠ.

ಈ ಎಲ್ಲ ಸನದುಗಳಲ್ಲೂ ಮೇಲಿನವರು ಕೆಳಗಿನವರಿಗೆ ಕೊಡುತ್ತಾರೆ. ಕೊಟ್ಟವರು ಬೇಕಾದರೆ ವಾಪಸ್ ತೆಗೆದುಕೊಳ್ಳುತ್ತಾರೆ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 50 ದೇಶಗಳು ಸಹಿ ಹಾಕಿದವು. ಅವುಗಳ ಮೇಲೆ ಕುಳಿತು ಕೊಡುವವರು ಯಾರೂ ಇರಲಿಲ್ಲ. ಹಾಗಾದರೆ ‘ಸನದು’ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಇಂಗ್ಲಿಷ್‌ನ ಚಾರ್ಟರ್ ಕೂಡ ರಾಜನ ಕೈಯಿಂದ ಬಂದ ಕಾಗದವೇ ಆಗಿತ್ತು, 1215ರ ಮ್ಯಾಗ್ನಾ ಕಾರ್ಟಾ ಹಾಗೆ ಬಂದದ್ದು. ಕಾಲ ಸರಿದಂತೆ ಪದ ತನ್ನ ಯಜಮಾನನನ್ನು ಬಿಟ್ಟು ಬಂತು. ನಮ್ಮ ಸನದಿಗೂ ಅದು ಸಾಧ್ಯ. ನನ್ನ ಸಲಹೆ ಇಷ್ಟೇ: ಲೈಸೆನ್ಸಿಗೆ ‘ಸನ್ನದು’ ಇರಲಿ, ಸಂಸ್ಥೆಗಳನ್ನು ಹುಟ್ಟುಹಾಕುವ ಕಾಗದಕ್ಕೆ ಒತ್ತಿಲ್ಲದ ‘ಸನದು’ ಇರಲಿ. ‘ಸನ್ನದ್ಧ’ದ ಜೊತೆ ಬೆರೆಸುವ ಗೊಂದಲವೂ ತಪ್ಪುತ್ತದೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಸನದಿನಲ್ಲಿ ಬದಲಾವಣೆಯ ಬಗ್ಗೆ ಎರಡು ವಿಧಿಗಳಿವೆ, 108 ಮತ್ತು 109. 108ರಲ್ಲಿ ಇರುವುದು ತಿದ್ದುಪಡಿ. ಸಾಮಾನ್ಯ ಸಭೆಯ ಮೂರನೇ ಎರಡರಷ್ಟು ಸದಸ್ಯರು ಮತ ಹಾಕಬೇಕು. ಆಮೇಲೆ ಮೂರನೇ ಎರಡರಷ್ಟು ದೇಶಗಳು ತಮ್ಮ ತಮ್ಮ ಊರಲ್ಲಿ ಅನುಮೋದಿಸಬೇಕು. ಆ ಪಟ್ಟಿಯಲ್ಲಿ ಭದ್ರತಾ ಮಂಡಳಿಯ ಐದೂ ಕಾಯಂ ಸದಸ್ಯರು ಇರಲೇಬೇಕು. ಒಬ್ಬರು ಕೈಬಿಟ್ಟರೂ ಮುಗಿಯಿತು. ‘ತಿದ್ದುಪಡಿ’ ಪದವನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂತು. ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಅದನ್ನು ಮನೆಮನೆಯಲ್ಲೂ ಬಲ್ಲರು. ಪಹಣಿ ತಿದ್ದುಪಡಿಗೆ ನಾಡಕಚೇರಿ ಅಲೆದವರೂ ಬಹಳ. ಆದರೆ ಪಹಣಿಯಲ್ಲಿ ತಿದ್ದುವುದು ತಪ್ಪನ್ನು. 371ಜೆ ತಪ್ಪು ತಿದ್ದಿದ್ದಲ್ಲ, ಇಲ್ಲದ್ದನ್ನು ಸೇರಿಸಿದ್ದು. ಒಂದೇ ಪದ ಎರಡನ್ನೂ ಹೊತ್ತಿದೆ, ಹೊರಲಿ ಬಿಡಿ. ಸಂವಿಧಾನದಿಂದಾಗಿ ಅದು ಗಟ್ಟಿಯಾಗಿ ನೆಲೆಯೂರಿದೆ.

109ರಲ್ಲಿ ಇರುವ ಪದ ಬೇರೆ. ಅಲ್ಲಿ ಇಡೀ ಸನದನ್ನು ಮತ್ತೆ ನೋಡಲೆಂದೇ ಒಂದು ಸಮ್ಮೇಳನ ಕರೆಯಬಹುದು. ಆ ಸಮ್ಮೇಳನ ಸೂಚಿಸುವ ಬದಲಾವಣೆಗೆ ಇಂಗ್ಲಿಷ್ ಪಠ್ಯ ತಿದ್ದುಪಡಿಯ ಪದ ಬಳಸುವುದಿಲ್ಲ, ‘ಆಲ್ಟರೇಶನ್’ ಎಂಬ ಇನ್ನೊಂದು ಪದ ಬಳಸುತ್ತದೆ. ಅದಕ್ಕೆ ನಮ್ಮ ‘ಮಾರ್ಪಾಡು’ ಅಚ್ಚುಕಟ್ಟಾಗಿ ಕೂರುತ್ತದೆ. ಹಾಗಾಗಿ 108ಕ್ಕೆ ತಿದ್ದುಪಡಿ, 109ಕ್ಕೆ ಮರುಪರಿಶೀಲನೆ ಮತ್ತು ಮಾರ್ಪಾಡು ಎಂದು ಇಟ್ಟುಕೊಂಡಿದ್ದೇನೆ. ಬರೀ ‘ಪರಿಶೀಲನೆ’ ಸಾಲದು. ಇಲ್ಲಿ ಪೇಪರ್ ತೆಗೆದರೆ ದಿನಾ ‘ಪ್ರಗತಿ ಪರಿಶೀಲನಾ ಸಭೆ’ ಇರುತ್ತದೆ. ಮಂತ್ರಿಗಳು ಬರುತ್ತಾರೆ, ಅಧಿಕಾರಿಗಳಿಂದ ಲೆಕ್ಕ ಕೇಳುತ್ತಾರೆ, ಹೋಗುತ್ತಾರೆ. ‘ಪರಿಶೀಲನಾ ಸಮ್ಮೇಳನ’ ಎಂದರೆ ಮಕ್ಕಳ ಕಣ್ಣಿಗೆ ಕಟ್ಟುವುದು ಕೆಡಿಪಿ ಸಭೆ. ‘ಪುನರ್ವಿಮರ್ಶೆ’ ಕೋರ್ಟಿನದು ಅನ್ನಿಸುತ್ತದೆ.

ಈ ಎರಡು ಪದ ಬೆರೆಯಬಾರದು ಎಂದು ನಾನು ಇಷ್ಟು ಒತ್ತಿ ಹೇಳಲು ಕಾರಣ ಚರಿತ್ರೆ. ತಿದ್ದುಪಡಿ ಆಗಿದೆ, ಮರುಪರಿಶೀಲನೆ ಇವತ್ತಿಗೂ ಆಗಿಲ್ಲ. ತಿದ್ದುಪಡಿಗಳು ಜಾರಿಗೆ ಬಂದದ್ದು 1965, 1968 ಮತ್ತು 1973ರಲ್ಲಿ. ಮೊದಲನೆಯದರಿಂದ ಭದ್ರತಾ ಮಂಡಳಿ 11ರಿಂದ 15ಕ್ಕೆ ಬೆಳೆಯಿತು, ಅಲ್ಲಿ ನಿರ್ಣಯಕ್ಕೆ ಬೇಕಾದ ಮತ 7ರಿಂದ 9ಕ್ಕೆ ಏರಿತು. ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 18ರಿಂದ 27, ಆಮೇಲೆ 54 ಆಯಿತು. ಮರುಪರಿಶೀಲನೆಯ ಕಥೆ ಬೇರೆ. ಹತ್ತು ವರ್ಷದೊಳಗೆ ಸಮ್ಮೇಳನ ನಡೆಯದಿದ್ದರೆ ಹತ್ತನೇ ಅಧಿವೇಶನದ ಕಾರ್ಯಸೂಚಿಗೆ ಅದು ತಾನಾಗಿ ಬರಬೇಕು ಎಂದು 109ರಲ್ಲೇ ಬರೆದಿತ್ತು. 1945ರಲ್ಲಿ ವೀಟೊ, ಅಂದರೆ ಕಾಯಂ ಸದಸ್ಯರ ತಡೆಯುವ ಅಧಿಕಾರ, ಒಪ್ಪಲು ಮನಸ್ಸಿಲ್ಲದ ಸಣ್ಣ ದೇಶಗಳಿಗೆ ಸಿಕ್ಕ ಸಮಾಧಾನ ಅದು. 1955ರಲ್ಲಿ ಅದು ಬಂತು ಕೂಡ. ‘ಸೂಕ್ತ ಸಮಯದಲ್ಲಿ’ ಸಮ್ಮೇಳನ ನಡೆಸೋಣ ಎಂದು ನಿರ್ಣಯವಾಯಿತು. ಆ ಸೂಕ್ತ ಸಮಯ ಇನ್ನೂ ಬಂದಿಲ್ಲ. ಎರಡಕ್ಕೂ ‘ತಿದ್ದುಪಡಿ’ ಎಂದೇ ಬರೆದರೆ, ಕೊಟ್ಟ ಮಾತೊಂದು ಹಾಗೇ ಬಾಕಿ ಉಳಿದಿದೆ ಎನ್ನುವುದು ನಮ್ಮ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ನನಗೆ ಬೇಸರವಾಗುವುದು ಇದಕ್ಕೇ.

109ನ್ನು ಕನ್ನಡಕ್ಕೆ ತರುವವರಿಗೆ ಒಂದು ಮಾತು. ಸಮ್ಮೇಳನಕ್ಕೆ ಬೇಕಾದ ಮತದ ಬಗ್ಗೆ ಅದರ ಮೊದಲ ಖಂಡದಲ್ಲಿ ಭದ್ರತಾ ಮಂಡಳಿಯ ‘ಯಾವುದೇ ಒಂಬತ್ತು’ ಸದಸ್ಯರು ಎಂದಿದೆ. ಮೂರನೇ ಖಂಡದಲ್ಲಿ ‘ಯಾವುದೇ ಏಳು’ ಎಂದಿದೆ. ಅಚ್ಚಿನ ತಪ್ಪು ಅನ್ನಿಸುತ್ತದೆ, ಕೈ ತಾನಾಗಿ ತಿದ್ದಲು ಹೋಗುತ್ತದೆ. ದಯವಿಟ್ಟು ತಿದ್ದಬೇಡಿ. 1968ರ ತಿದ್ದುಪಡಿ ಮೊದಲ ಖಂಡದ ಏಳನ್ನು ಒಂಬತ್ತು ಮಾಡಿತು. ಮೂರನೇ ಖಂಡ ಹತ್ತನೇ ಅಧಿವೇಶನದ ಮಾತು, ಅದು ಆಗಲೇ ಕಳೆದುಹೋಗಿತ್ತು, ಅದಕ್ಕೇ ಏಳು ಹಾಗೇ ಉಳಿಯಿತು. ಒಂದೇ ವಿಧಿಯೊಳಗೆ ಎರಡು ಕಾಲದ ಲೆಕ್ಕ ಇದೆ.

ಪಠ್ಯ ಬದಲಾಗದೆ ಅರ್ಥ ಬದಲಾದ ಜಾಗಗಳೂ ಇವೆ. 23ನೇ ವಿಧಿಯಲ್ಲಿ ಇವತ್ತಿಗೂ ‘ಚೀನಾ ಗಣರಾಜ್ಯ’, ‘ಸೋವಿಯತ್ ಒಕ್ಕೂಟ’ ಎಂದೇ ಇದೆ. 1971ರಲ್ಲಿ ಬೀಜಿಂಗ್, 1991ರಲ್ಲಿ ರಷ್ಯಾ ಆ ಕುರ್ಚಿಗಳಲ್ಲಿ ಕೂತವು, ಅಕ್ಷರ ಅಲುಗಲಿಲ್ಲ. 27ನೇ ವಿಧಿಯಲ್ಲಿ ಕಾಯಂ ಸದಸ್ಯರ ಸಮ್ಮತಿಯ ಮತ ಬೇಕು ಎಂದಿದೆ. ಆದರೆ ಮತ ಹಾಕದೆ ಸುಮ್ಮನೆ ಕೂತರೆ ಅದು ತಡೆ ಅಲ್ಲ ಎಂಬ ನಡವಳಿಕೆ ಬೆಳೆಯಿತು, 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಅದನ್ನು ಒಪ್ಪಿತು. ಅಂದ ಹಾಗೆ ‘ವೀಟೊ’ ಎಂಬ ಪದ ಸನದಿನಲ್ಲಿ ಎಲ್ಲೂ ಇಲ್ಲ. ಇಂಥ ಬದಲಾವಣೆಗೆ ‘ರೂಢಿ’ ಎಂದರೆ ಸಾಕು ಅನ್ನಿಸುತ್ತದೆ. ಸನದಿನಲ್ಲಿರುವ ‘ಶತ್ರು ರಾಷ್ಟ್ರ’ ಎಂಬ ಮಾತಿನದು ಇದರ ಉಲ್ಟಾ. ಜಪಾನ್, ಜರ್ಮನಿಯಂಥ ದೇಶಗಳಿಗೆ ಅಂಟಿದ್ದ ಆ ಮಾತಿಗೆ ಕಾಲ ಸಂದಿದೆ ಎಂದು 1995ರಲ್ಲಿ ಸಾಮಾನ್ಯ ಸಭೆ ಹೇಳಿತು, 2005ರ ಶೃಂಗಸಭೆ ತೆಗೆದುಹಾಕೋಣ ಎಂದಿತು. ಇನ್ನೂ ತೆಗೆದಿಲ್ಲ. ‘ರದ್ದು’ ಎಂದು ಬರೆದರೆ ಸುಳ್ಳಾಗುತ್ತದೆ. ‘ಚಾಲ್ತಿ ತಪ್ಪಿದ’ ಎಂದು ಬರೆದಿದ್ದೇನೆ.

‘ಪಾತ್ರವನ್ನು ಬಲಪಡಿಸುವುದು’ ಎಂಬುದೂ ನನಗೆ ಒಗ್ಗುತ್ತಿಲ್ಲ. ಪಾತ್ರ ಎಂದರೆ ನಾಟಕದ್ದು, ಇಲ್ಲವೇ ಭೀಮಾ ನದಿಯದು. ‘ಕೈ ಬಲಪಡಿಸುವುದು’ ನಮ್ಮ ಊರಲ್ಲಿ ಸೀದಾ ಚುನಾವಣೆಯ ಮಾತು. ‘ಸಬಲೀಕರಣ’ ಮಹಿಳಾ ಸಂಘಗಳಿಗೆ ಸೇರಿಹೋಗಿದೆ. ‘ಸಂಸ್ಥೆಯ ಕೆಲಸವನ್ನು ಗಟ್ಟಿಗೊಳಿಸುವುದು’ ಎಂದರೆ ಹೇಗೆ? ಆ ಸಮಿತಿ ಮಾಡಿದ್ದೂ ಜಾಸ್ತಿ ಅದನ್ನೇ. ಸನದಿನ ಒಂದು ಸಾಲನ್ನೂ ಅದು ಬದಲಿಸಲಿಲ್ಲ. ಆದರೆ ದೇಶದೇಶಗಳ ವ್ಯಾಜ್ಯಗಳನ್ನು ಶಾಂತಿಯಿಂದ ಬಗೆಹರಿಸುವ ಬಗ್ಗೆ 1982ರ ಮನಿಲಾ ಘೋಷಣೆ ಅದರ ಕೈಯಿಂದ ಬಂತು.

ಕೊನೆಯ ಪದ ‘ರಾಜ್ಯ’. ಇದು ನಮ್ಮ ನೆಲದ ಪ್ರಶ್ನೆ. 1948ರ ಆಗಸ್ಟ್‌ನಲ್ಲಿ ನಿಜಾಮರ ಸರ್ಕಾರ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೂರಿಗೆ ಆಧಾರ ಸನದಿನ 35ನೇ ವಿಧಿಯ ಎರಡನೇ ಖಂಡ. ಸದಸ್ಯನಲ್ಲದ ‘ಸ್ಟೇಟ್’ ಕೂಡ ವ್ಯಾಜ್ಯವನ್ನು ಮಂಡಳಿಯ ಗಮನಕ್ಕೆ ತರಬಹುದು ಎಂದು ಅದು ಹೇಳುತ್ತದೆ. ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಚರ್ಚೆ ನಡೆಯಿತು. ಭಾರತದ ಪರವಾಗಿ ಮಾತಾಡಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1945ರಲ್ಲಿ ಭಾರತದ ಪರವಾಗಿ ಇದೇ ಸನದಿಗೆ ಸಹಿ ಹಾಕಿದವರಲ್ಲಿ ಒಬ್ಬರು, ಮೈಸೂರಿನ ಕೊನೆಯ ದಿವಾನರು. ಅವರ ವಾದದ ತಿರುಳು ಇಷ್ಟು: ಹೈದರಾಬಾದ್ ಸನದು ಹೇಳುವ ಅರ್ಥದ ಸ್ಟೇಟ್ ಅಲ್ಲ, ಹಾಗಾಗಿ ದೂರು ಕೊಡುವ ಹಕ್ಕೇ ಅದಕ್ಕಿಲ್ಲ. ಮರುದಿನ, 17ರಂದು, ನಿಜಾಮರು ಶರಣಾದರು. ಮಂಡಳಿ ಆ ಪದದ ಬಗ್ಗೆ ತೀರ್ಪು ಕೊಡಲೇ ಇಲ್ಲ.

ಇದನ್ನು ಕನ್ನಡದಲ್ಲಿ ಬರೆಯುವುದು ಹೇಗೆ ಹೇಳಿ. 35ರ ‘ಸ್ಟೇಟ್’ಗೆ ‘ರಾಷ್ಟ್ರ’ ಎಂದರೆ ನಿಜಾಮರ ದೂರು ಮೊದಲ ಸಾಲಿನಲ್ಲೇ ಬಿದ್ದುಹೋಗುತ್ತದೆ. ‘ರಾಜ್ಯ’ ಎಂದರೆ ಅವರು ಆಗಲೇ ಗೆದ್ದಂತೆ ಕಾಣುತ್ತದೆ, ಯಾಕೆಂದರೆ ‘ಹೈದರಾಬಾದ್ ರಾಜ್ಯ’ ಎಂದು ಎಲ್ಲರೂ ಹೇಳುತ್ತಿದ್ದರು. ಅನುವಾದವೇ ತೀರ್ಪು ಕೊಟ್ಟಂತಾಗುತ್ತದೆ, ಅದು ಸರಿಯಲ್ಲ. ಸದ್ಯಕ್ಕೆ ‘ಸ್ವತಂತ್ರ ರಾಜ್ಯ’ ಎಂದೂ ಬರೆಯದೆ, ‘ಸ್ಟೇಟ್’ ಎಂದೇ ಇಟ್ಟು ಕೆಳಗೆ ಎರಡು ಸಾಲು ವಿವರಣೆ ಕೊಟ್ಟಿದ್ದೇನೆ. ಬೇರೆ ವಿಧಿಗಳಲ್ಲಿ ‘ಸದಸ್ಯ ರಾಷ್ಟ್ರ’ ಹಾಗೇ ಇದೆ.

ಬಲ್ಲವರು ಎರಡು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ. ಸನದು, ಸನ್ನದು ಎರಡನ್ನೂ ಹೀಗೆ ಬೇರೆ ಬೇರೆ ಅರ್ಥಕ್ಕೆ ಹಂಚುವುದು ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಮತ್ತೆ, 1948ರ ಆಗಸ್ಟ್, ಸೆಪ್ಟೆಂಬರ್ ತಿಂಗಳ ಕನ್ನಡ ಪತ್ರಿಕೆಗಳ ಹಳೆಯ ಕಟ್ಟು ಯಾರ ಕೈಗಾದರೂ ಸಿಗುವಂತಿದ್ದರೆ, ಪ್ಯಾರಿಸ್ ಚರ್ಚೆಯ ವರದಿಯಲ್ಲಿ ಹೈದರಾಬಾದಿಗೆ ರಾಜ್ಯ, ಸಂಸ್ಥಾನ, ದೇಶ, ಇವುಗಳಲ್ಲಿ ಯಾವ ಪದ ಹಾಕಿದ್ದರು ಎಂದು ನೋಡಿ ಬರೆಯಿರಿ.