ಅಪ್ಪಂಗೆ ವರ್ಷವರ್ಷ ಫ್ಲೂ ಇಂಜೆಕ್ಷನ್ ಬೇಕಾ? ಮನೇಲಿ ಹಾಕ್ಸಿರೋರು ಹೇಳಿ

ಅಪ್ಪಂಗೆ 72, ಶುಗರ್ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದಾರೆ. ಡಾಕ್ಟ್ರು ಪ್ರತಿವರ್ಷ ಫ್ಲೂ ವ್ಯಾಕ್ಸಿನ್ ತಪ್ಪಿಸ್ಬೇಡಿ ಅಂತಾರೆ. ಅಮ್ಮ ಮಾತ್ರ, ಹೋದ್ವರ್ಷ ಚುಚ್ಚಿಸ್ಕೊಂಡ್ಮೇಲೂ ಜ್ವರ ಬಂತಲ್ಲ, ಸುಮ್ನೆ ದುಡ್ಡು ದಂಡ ಅಂತಾರೆ. ವಯಸ್ಸಾದವ್ರಿಗೆ ಹಾಕ್ಸಿರೋರು ನಿಮ್ಮ ಅನುಭವ ಹೇಳಿ ಪ್ಲೀಸ್.

*

ನಿಮ್ಮಮ್ಮ ಕೇಳ್ತಿರೋದು ಸರಿಯಾಗೇ ಇದೆ, ನಾನೂ ಇದನ್ನೇ ಕೇಳಿದ್ದೆ. ಮೈಸೂರಲ್ಲಿರೋ ನಮ್ಮತ್ತೆಗೆ ಈಗ 76, ಐದು ವರ್ಷದಿಂದ ಹಾಕಿಸ್ತಿದೀವಿ, ಒಂದ್ಸಲ ಹಾಕ್ಸಿದ್ರೂ ಫ್ಲೂ ಬಂತು, ಟೆಸ್ಟಲ್ಲಿ ಎಚ್‌3ಎನ್‌2 (ಫ್ಲೂ ವೈರಸ್‌ನ ಒಂದು ಬಗೆ) ಅಂತಾನೇ ಬಂತು. ನಾಲ್ಕು ದಿನ ಜ್ವರ, ಗಂಜಿ ಕುಡ್ಕೊಂಡು ಮನೇಲೇ ಸುಧಾರಿಸ್ಕೊಂಡ್ರು. ಅದೇ ತಿಂಗ್ಳು ಅವ್ರಣ್ಣಂಗೂ ಬಂತು, ಅವ್ರು ಯಾವತ್ತೂ ಹಾಕಿಸ್ಕೊಂಡೋರಲ್ಲ, ನ್ಯುಮೋನಿಯಾ ಆಗಿ ಆರು ದಿನ ಐಸಿಯುಲಿದ್ರು, ಮನೆಗೆ ಬಂದ್ಮೇಲೂ ಬಚ್ಚಲಿಗೆ ಹೋಗೋಕೆ ಗೋಡೆ ಹಿಡ್ಕೊಂಡು ಹೋಗ್ತಿದ್ರು. ಅಲ್ಲಿವರ್ಗೂ ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗ್ತಿದ್ದ ಮನುಷ್ಯ.

ಇಬ್ರನ್ನ ನೋಡಿ ತೀರ್ಮಾನ ಮಾಡಕ್ಕಾಗಲ್ಲ ಅಂತ ಗೊತ್ತು. ಆದ್ರೆ ದೊಡ್ಡ ಲೆಕ್ಕನೂ ಆ ಕಡೆಗೇ ಇದೆ. 2018ರಲ್ಲಿ ಕೊಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನೆ ಪರಿಶೀಲಿಸೋ ಸಂಸ್ಥೆಯವರು ಹಳೇ ಟ್ರಯಲ್‌ಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ವಯಸ್ಸಾದವ್ರಲ್ಲಿ ಲಸಿಕೆ ಇಲ್ದೆ ಇದ್ರೆ ಒಂದು ಸೀಸನ್‌ನಲ್ಲಿ 100ಕ್ಕೆ 6 ಜನಕ್ಕೆ ಫ್ಲೂ ಬರ್ತಿತ್ತು, ಹಾಕಿಸ್ಕೊಂಡವ್ರಲ್ಲಿ 2.4. ಅಂದ್ರೆ ಅರ್ಧಕ್ಕಿಂತ ಕಮ್ಮಿ ಆಯ್ತು, ಪೂರ್ತಿ ನಿಲ್ಲಲಿಲ್ಲ. ವಯಸ್ಸಾದ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸಲ್ಲ, ಅದ್ರಲ್ಲೂ ಎಚ್‌3ಎನ್‌2 ಜಾಸ್ತಿ ಇರೋ ವರ್ಷ ರಕ್ಷಣೆ ಇನ್ನೂ ಸ್ವಲ್ಪ ಕಮ್ಮಿನೇ. ಇದಕ್ಕೇ ಅಮೆರಿಕದಲ್ಲಿ 65 ದಾಟಿದವ್ರಿಗೆ ನಾಲ್ಕು ಪಟ್ಟು ಆಂಟಿಜನ್ (ಮೈಗೆ ವೈರಸ್ ಗುರುತು ಹಿಡಿಯೋಕೆ ಕಲಿಸೋ ಅಂಶ) ಇರೋ ಹೈ ಡೋಸ್ ಕೊಡ್ತಾರೆ. ನಮ್ಮತ್ತೆಗೆ ಹಾಕ್ಸಿದ್ದು ಮಾಮೂಲಿ ಡೋಸೇ.

ಇನ್ನೊಂದು, ನಿಮ್ಮಪ್ಪಂಗೆ ಬಂದಿದ್ದು ಫ್ಲೂನೇ ಅಂತ ಟೆಸ್ಟ್ ಮಾಡ್ಸಿದ್ರಾ? ಜ್ವರ ಕೆಮ್ಮು ತರೋ ವೈರಸ್ ಬೇಕಾದಷ್ಟಿವೆ, ಈ ಇಂಜೆಕ್ಷನ್ ಅವಕ್ಕೆಲ್ಲ ಅಲ್ಲ. ತೋಳಿಗೆ ಕೊಡೋದ್ರಲ್ಲಿ ಜೀವಂತ ವೈರಸ್ ಇರಲ್ಲ, ಅದ್ರಿಂದಾನೇ ಫ್ಲೂ ಬಂತು ಅನ್ನೋ ಹಾಗೂ ಇಲ್ಲ. ನಮ್ಮತ್ತೆಗೆ ಒಂದಿನ ತೋಳು ನೋವು, ಸ್ವಲ್ಪ ಮೈಕೈ ನೋವು, ಅಷ್ಟೇ.

*

ನಮ್ದು ಹುಬ್ಬಳ್ಳಿ ರೀ. ನಮ್ಮಪ್ಪಗ ಡಿಸೆಂಬರ್‌ದಾಗ ಹಾಕ್ಸಿದ್ವಿ, ಮುಂದ ಆಗಸ್ಟ್‌ನ್ಯಾಗ ಫ್ಲೂ ಬಂತು. ನಾವು ಟೈಮ್ ತಪ್ಪಿಸಿದ್ವಿ ಅಂತ ಆಮ್ಯಾಲೆ ಗೊತ್ತಾತು. ನಮ್ಮ ದೇಶದಾಗ ಫ್ಲೂ ವರ್ಷಕ್ಕ ಎರಡು ಸಲ ಏಳತೈತಿ, ಜನವರಿಯಿಂದ ಮಾರ್ಚ್ ಒಮ್ಮೆ, ಮಳಿಗಾಲದಾಗ ಮತ್ತೊಮ್ಮೆ. ಲಸಿಕಿ ಕಸುವು ತಿಂಗಳ ಕಳದಂಗ ಇಳೀತೈತಿ, ವಯಸ್ಸಾದವ್ರಿಗೆ ಇನ್ನೂ ಲಗೂನ. ಈಗ ನಾವು ಮಳಿ ಹಿಡಿಯೋಕಿಂತ ಮೊದ್ಲ, ಮೇ ಕೊನೀಗೆ ಹಾಕಿಸ್ತೀವಿ, ಯಾಕಂದ್ರ ರಕ್ಷಣಾ ಬರಾಕ ಎರಡು ವಾರ ಬೇಕು. ಇಂಜೆಕ್ಷನ್ ಚುಚ್ಚೋಕಿಂತ ಮೊದ್ಲ ಡಬ್ಬಿ ಕೇಳಿ ಇಸ್ಕೊಂಡು, ಯಾವ ವರ್ಷದ್ದು ಅಂತ ನೋಡ್ರಿ. ವಿಶ್ವ ಆರೋಗ್ಯ ಸಂಸ್ಥೆಯವ್ರು ಫೆಬ್ರುವರಿಗೊಮ್ಮೆ ಸೆಪ್ಟೆಂಬರ್‌ಗೊಮ್ಮೆ ಲಸಿಕ್ಯಾಗ ಯಾವ ವೈರಸ್ ತಳಿ ಇರಬೇಕು ಅಂತ ಹೇಳ್ತಾರ, ಫ್ರಿಜ್‌ನ್ಯಾಗ ಉಳದಿದ್ದ ಹೋದ ವರ್ಷದ್ದು ಹಾಕಿಸ್ಕೋಬ್ಯಾಡ್ರಿ.

*

ಸ್ಟೆಂಟ್ ಅಂದ್ರಲ್ಲ, ಹಾಗಿದ್ರೆ ಯೋಚ್ನೆ ಮಾಡ್ದೆ ಹಾಕ್ಸಿ. ಫ್ಲೂ ಬಂದ ವಾರದಲ್ಲಿ ಹಾರ್ಟ್ ಅಟ್ಯಾಕ್ ಆಗೋ ಸಾಧ್ಯತೆ ಜಾಸ್ತಿ. 2021ರಲ್ಲಿ ಬಂದ ಟ್ರಯಲ್ ಒಂದ್ರಲ್ಲಿ, ಅಟ್ಯಾಕ್ ಆಗಿ ಆಸ್ಪತ್ರೇಲಿದ್ದಾಗ್ಲೇ ಫ್ಲೂ ಲಸಿಕೆ ಹಾಕಿಸ್ಕೊಂಡವ್ರಲ್ಲಿ ಮುಂದಿನ ಒಂದು ವರ್ಷದ ಸಾವು ಕಮ್ಮಿ ಇತ್ತು. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಸಿಸ್ಟರ್‌ಗೆ ಮೊದ್ಲೇ ಹೇಳಿ, ಚುಚ್ಚಿದ್ಮೇಲೆ ಎರಡು ನಿಮಿಷ ಹತ್ತಿ ಒತ್ತಿ ಹಿಡೀಲಿ, ಉಜ್ಜಬಾರ್ದು. ಆಮೇಲೂ ಫ್ಲೂ ಅನ್ಸಿದ್ರೆ ಎರಡು ದಿನದೊಳಗೆ ಡಾಕ್ಟ್ರ ಹತ್ರ ಹೋಗಿ, ಫ್ಲೂ ವೈರಸ್‌ಗೆ ಕೊಡೋ ಒಸೆಲ್ಟಾಮಿವಿರ್ ಮಾತ್ರೆ ಬೇಗ ಶುರು ಮಾಡಿದ್ರೇನೇ ಚೆನ್ನಾಗಿ ಕೆಲಸ ಮಾಡೋದು. ಮತ್ತೆ ಅಮ್ಮಂಗೂ ಹಾಕ್ಸಿ, ದಿನಾ ಅಪ್ಪನ ಪಕ್ಕದಲ್ಲಿರೋರು ಅವ್ರೇ ಅಲ್ವಾ.