ದಾಲ್ಚಿನ್ನಿ ಪುಡಿ ಹಾಕಿದರೂ ಟೊಮೇಟೊ ಸಸಿಗಳು ಬುಡ ಕೊಳೆತು ಬೀಳುತ್ತಿವೆ, ಏನು ಮಾಡಲಿ?

ಕುಂಡತೋಟ:
ಎಲ್ಲರಿಗೂ ನಮಸ್ಕಾರ. 48 ಗುಳಿಯ ಟ್ರೇಯಲ್ಲಿ ಟೊಮೇಟೊ ಬೀಜ ಹಾಕಿದ್ದೆ. 41 ಮೊಳಕೆ ಬಂದವು. ಮೂರು ದಿನ ಆದ ಮೇಲೆ ಮಣ್ಣಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿತು. ದಾಲ್ಚಿನ್ನಿ ಪುಡಿ ಉದುರಿಸಿದರೆ ಬೂಷ್ಟು ಹೋಗುತ್ತದೆ ಅಂತ ಓದಿದ್ದೆ. ಮಣ್ಣು ಕಾಣದ ಹಾಗೆ ಉದುರಿಸಿಬಿಟ್ಟೆ. ಎರಡೇ ದಿನಕ್ಕೆ ಬೂಷ್ಟು ಮಾಯ.

ಆದರೆ ಈಗ ಸಸಿಗಳೇ ಬೀಳುತ್ತಿವೆ. ನಿನ್ನೆ 6, ಇವತ್ತು 9. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಎಲೆ ಇನ್ನೂ ಹಸಿರಾಗೇ ಇರುತ್ತದೆ, ಅದೇ ನೋಡಿ ಹೊಟ್ಟೆ ಉರಿಯುತ್ತದೆ. ಇನ್ನೊಂದು ಸಲ ಪುಡಿ ಹಾಕಲಾ? ನೀರಿಗೆ ಕಲಸಿ ಹೊಯ್ಯಲಾ? ಉಳಿದ 26 ಸಸಿಗಳನ್ನಾದರೂ ಉಳಿಸಿಕೊಳ್ಳಬೇಕು.

ಮಣ್ಣುಕೈ:
ಸದ್ಯಕ್ಕೆ ಪುಡಿ ಹಾಕಬೇಡಿ, ನೀರೂ ಹಾಕಬೇಡಿ. ಮೊದಲು ಇಷ್ಟು ಹೇಳಿ. ನೀರನ್ನು ಮೇಲಿನಿಂದ ಚಿಮುಕಿಸುತ್ತೀರಾ? ಟ್ರೇಗೆ ಮುಚ್ಚಳ ಇದೆಯಾ? ಮಣ್ಣು ಹೊಸದಾ, ಹಳೇದಾ?

ಇನ್ನೊಂದು ಕೆಲಸ ಮಾಡಿ. ಬಿದ್ದಿರುವ ಒಂದು ಸಸಿಯನ್ನು ಚಮಚದಲ್ಲಿ ಮಣ್ಣಿನ ಸಮೇತ ಎತ್ತಿ, ಬೇರು ತೊಳೆದು, ಎರಡು ಬೆರಳ ನಡುವೆ ಮೆಲ್ಲಗೆ ಎಳೆದು ನೋಡಿ. ಏನಾಯಿತು ಅಂತ ಬರೆಯಿರಿ.

ಕುಂಡತೋಟ:
ದಿನಕ್ಕೆ ಎರಡು ಸಲ ಮೇಲಿನಿಂದಲೇ ಸ್ಪ್ರೇ ಮಾಡುತ್ತೇನೆ. ಪ್ಲಾಸ್ಟಿಕ್ ಮುಚ್ಚಳ ಇದೆ, ಒಳಗೆಲ್ಲ ಹನಿ ಕಟ್ಟಿರುತ್ತದೆ. ಮಣ್ಣು ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಹೋದ ವರ್ಷದ ಕುಂಡದ್ದು.

ಸಸಿ ಎತ್ತಿ ನೋಡಿದೆ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿ ಕಂದಿದೆ. ಬೇರು ಎಳೆದಾಗ ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಬೆರಳಿಗೆ ಅಂಟಿಕೊಂಡಿತು. ಒಳಗೆ ಒಂದು ಬಿಳಿ ಎಳೆ ಮಾತ್ರ ಉಳಿಯಿತು. ಮಣ್ಣಿನ ಮೇಲೆ ದಾಲ್ಚಿನ್ನಿ ಪುಡಿ ಹೆಕ್ಕಳೆ ಕಟ್ಟಿದೆ. ಉಗುರಿನಿಂದ ಎಬ್ಬಿಸಿದರೆ ಚಿಪ್ಪಿನಂತೆ ಎದ್ದು ಬರುತ್ತದೆ, ಅದರ ಕೆಳಗಿನ ಮಣ್ಣು ಕೈಗೆ ಮೆತ್ತಿಕೊಳ್ಳುವಷ್ಟು ಒದ್ದೆ.

ಮಣ್ಣುಕೈ:
ಇಷ್ಟು ಸರಿಯಾಗಿ ನೋಡಿ ಬರೆದಿದ್ದಕ್ಕೆ ಥ್ಯಾಂಕ್ಸ್. ಇದು ಸಸಿ ಸಾಯುವ ರೋಗ. ಪಿಥಿಯಂ, ರೈಜೋಕ್ಟೋನಿಯಾ, ಫ್ಯೂಸೇರಿಯಂ ಎಂಬ ಮಣ್ಣಿನ ರೋಗಾಣುಗಳಲ್ಲಿ ಯಾವುದರಿಂದಲಾದರೂ ಬರಬಹುದು. ಬೇರಿನ ಸಿಪ್ಪೆ ಹೀಗೆ ಕಳಚಿ ಎಳೆ ಮಾತ್ರ ಉಳಿದರೆ ಮೊದಲ ಅನುಮಾನ ಪಿಥಿಯಂ ಮೇಲೆ.

ನಿಮ್ಮ ಟ್ರೇಯಲ್ಲಿ ಇದ್ದದ್ದು ಎರಡು ಬೇರೆ ಬೇರೆ ತೊಂದರೆ. ಮೇಲೆ ಕಂಡ ಬಿಳಿ ಬೂಷ್ಟು ಸಾಮಾನ್ಯವಾಗಿ ಸತ್ತ ಎಲೆ, ನಾರು, ಗೊಬ್ಬರ ತಿಂದು ಬದುಕುವಂಥದ್ದು. ಸಸಿಗೆ ಅದು ಕೇಡು ಮಾಡುವುದಿಲ್ಲ, ತೇವ ಜಾಸ್ತಿಯಾಗಿದೆ ಅಂತ ತೋರಿಸುತ್ತದೆ ಅಷ್ಟೇ. ದಾಲ್ಚಿನ್ನಿ ಅದನ್ನು ಅಡಗಿಸಿತು. ಸಸಿಯನ್ನು ಕೊಲ್ಲುತ್ತಿರುವುದು ಕೆಳಗೆ, ಬೇರಿನ ಹತ್ತಿರ ಇದೆ. ಅಲ್ಲಿಗೆ ಪುಡಿ ತಲುಪಲೇ ಇಲ್ಲ.

ಯಾಕೆ ಅಂದರೆ, ದಾಲ್ಚಿನ್ನಿಯಲ್ಲಿ ಶಿಲೀಂಧ್ರವನ್ನು ತಡೆಯುವುದು ಮುಖ್ಯವಾಗಿ ಸಿನ್ನಮಾಲ್ಡಿಹೈಡ್ ಎಂಬ ಅಂಶ. ಆ ವಾಸನೆಯೂ ಅದರದ್ದೇ. ಅದು ಎಣ್ಣೆಯ ಜಾತಿ, ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ತಾಗಿದ ಜಾಗದಲ್ಲಿ ಮಾತ್ರ ಕೆಲಸ, ಮಣ್ಣಿಗೆ ಇಳಿಯುವುದು ತೀರಾ ಕಡಿಮೆ. ಪ್ರಯೋಗಾಲಯದಲ್ಲಿ ದಾಲ್ಚಿನ್ನಿ ಎಣ್ಣೆ ಹಲವು ಶಿಲೀಂಧ್ರಗಳನ್ನು ತಡೆಯುವುದು ನಿಜ. ಆದರೆ ಪುಡಿಯಲ್ಲಿ ಎಣ್ಣೆ ಇರುವುದು ನೂರರಲ್ಲಿ ಕೆಲವೇ ಭಾಗ, ಹಳೇ ಪುಡಿಯಲ್ಲಿ ಅದೂ ಹಾರಿಹೋಗಿರುತ್ತದೆ. ಇನ್ನು ಪಿಥಿಯಂ ನಿಜವಾದ ಶಿಲೀಂಧ್ರವೂ ಅಲ್ಲ. ನೀರಿನಲ್ಲಿ ಈಜುವ ಬೀಜಕಣ ಬಿಡುವ ಬೇರೊಂದು ಗುಂಪಿನದು. ಮಣ್ಣು ಸದಾ ಒದ್ದೆ ಇದ್ದರೆ ಅದಕ್ಕೆ ದಾರಿ ಸಲೀಸು. ನಿಮ್ಮ ಪುಡಿಯ ಹೆಕ್ಕಳೆ ಮಣ್ಣು ಆರದಂತೆ ಮುಚ್ಚಿ ಹಿಡಿದಿತ್ತು, ಅಲ್ವಾ?

ಈಗ ಮಾಡಬೇಕಾದದ್ದು. ಬಿದ್ದ ಸಸಿ ಎದ್ದು ನಿಲ್ಲುವುದಿಲ್ಲ, ಅದಕ್ಕೆ ಮದ್ದಿಲ್ಲ. ಗುಳಿಯ ಮಣ್ಣಿನ ಸಮೇತ ತೆಗೆದು ಬಿಸಾಡಿ. ಮುಚ್ಚಳ ಇವತ್ತೇ ತೆಗೆಯಿರಿ. ಹಲ್ಲುಕಡ್ಡಿಯಿಂದ ಹೆಕ್ಕಳೆ ಎಬ್ಬಿಸಿ, ಕಾಂಡಕ್ಕೆ ತಾಗದ ಹಾಗೆ. ಮೇಲ್ಮಣ್ಣು ಒಣಗಿ ಬಣ್ಣ ತಿಳಿಯಾಗುವ ತನಕ ನೀರು ಬೇಡ. ಆಮೇಲೆ ಟ್ರೇಯನ್ನು ನೀರಿನ ತಟ್ಟೆಯಲ್ಲಿ 20 ನಿಮಿಷ ಇಟ್ಟು, ಕೆಳಗಿನಿಂದ ಹೀರಿಕೊಂಡ ಮೇಲೆ ಎತ್ತಿ ಬಸಿದುಬಿಡಿ. ಎಲೆ ಸ್ವಲ್ಪ ಅಲುಗುವಷ್ಟು ಗಾಳಿ, ಒಳ್ಳೆ ಬೆಳಕು ಇರಲಿ.

ಹೂಕುಂಡ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಆರ್ಕಿಡ್ ಬೆಳೆಸುತ್ತೇನೆ, ದಾಲ್ಚಿನ್ನಿ ಪುಡಿಯ ಡಬ್ಬಿ ಕತ್ತರಿ ಜೊತೆಗೇ ಇರುತ್ತದೆ. ಕೊಳೆತ ಎಲೆ ಕತ್ತರಿಸಿದ ಮೇಲೆ ಆ ಗಾಯಕ್ಕೆ ಕಿವಿಕಡ್ಡಿಯಲ್ಲಿ ಒಂಚೂರು ಒತ್ತಿದರೆ ಸಾಕು. ಗಾಯ ಬೇಗ ಒಣಗುತ್ತದೆ, ಕೊಳೆ ಮುಂದಕ್ಕೆ ಹೋಗುವುದಿಲ್ಲ. ಒಣ ಗಾಯದ ಮೇಲೆ ಒಣ ಪುಡಿ, ನನ್ನ ಅನುಭವದಲ್ಲಿ ಅದು ಕೆಲಸ ಮಾಡುವುದು ಅಲ್ಲಿ ಮಾತ್ರ.

ಬೇರಿಗೆ ಮಾತ್ರ ದಯವಿಟ್ಟು ಹಚ್ಚಬೇಡಿ. ಕುಂಡ ಬದಲಿಸುವಾಗ ಜಾಸ್ತಿ ಕಾಳಜಿ ಮಾಡಲು ಹೋಗಿ ಒಳ್ಳೆ ಬೇರುಗಳಿಗೂ ಪುಡಿ ಸವರಿದ್ದೆ. ವಾರದಲ್ಲಿ ಹಸಿರು ತುದಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಸುಕ್ಕಾದವು. ಅದು ತೇವ ಎಳೆದುಬಿಡುತ್ತದೆ. ಆ ಗಿಡ ಚೇತರಿಸಿಕೊಳ್ಳಲು ಒಂದು ವರ್ಷ ಬೇಕಾಯಿತು.

ಕುಂಡತೋಟ:
ಇಬ್ಬರಿಗೂ ಥ್ಯಾಂಕ್ಸ್. ಮುಚ್ಚಳ ತೆಗೆದೆ, ಹೆಕ್ಕಳೆಯನ್ನೂ ಎಬ್ಬಿಸಿದೆ. ಇನ್ನೊಂದು ಪ್ರಶ್ನೆ. ಕುಂಬಳ ಬಳ್ಳಿಯ ಎಲೆಗೆ ಬೂದಿ ರೋಗ ಬಂದಿದೆ. ಅದಕ್ಕೆ ಸ್ಪ್ರೇ ಮಾಡೋಣ ಅಂತ ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಲೋಳೆ ಲೋಳೆ. ಸ್ಪ್ರೇ ಬಾಟಲಿಯ ಮೂತಿ ಎರಡು ಒತ್ತಿಗೇ ಕಟ್ಟಿಕೊಂಡಿತು.

ಮಣ್ಣುಕೈ:
ದಾಲ್ಚಿನ್ನಿ ಪುಡಿ ನೀರು ಹೀರಿ ಲೋಳೆ ಬಿಡುವುದು ಅದರ ಗುಣ, ನಿಮ್ಮ ತಪ್ಪಲ್ಲ. ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ದಪ್ಪ ಹತ್ತಿ ಬಟ್ಟೆಯಲ್ಲಿ ಎರಡು ಸಲ ಸೋಸಿ. ಪುಡಿಯ ಬದಲು ಚಕ್ಕೆ ತುಂಡುಗಳನ್ನೇ ನೆನೆಸಿದರೆ ಸೋಸುವುದು ಸುಲಭ. ಮೂತಿಯನ್ನು ಬಿಸಿನೀರಿನಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿ.

ಆದರೆ ಈ ನೀರಿನಲ್ಲಿ ಶಿಲೀಂಧ್ರ ತಡೆಯುವ ಆ ಅಂಶ ಸ್ವಲ್ಪವೇ ಇಳಿದಿರುತ್ತದೆ. ಬೂದಿ ರೋಗ ಆಗಲೇ ಹರಡಿದ್ದರೆ ಇದನ್ನೇ ನಂಬಿ ಕೂರಬೇಡಿ. ಮೊದಲು ಹಾಳಾದ ಎಲೆ ತೆಗೆದು ಬಳ್ಳಿಗೆ ಗಾಳಿಯಾಡಲು ಬಿಡಿ. ಸ್ಪ್ರೇ ಮಾಡುವುದಿದ್ದರೆ ಒಂದು ಎಲೆಗೆ ಹೊಡೆದು ಎರಡು ದಿನ ಕಾದು ನೋಡಿ, ಸುಡು ಬಿಸಿಲಿನಲ್ಲಿ ಹೊಡೆಯಬೇಡಿ. ಬೇಗ ಗುಣವಾಗಲಿ ಅಂತ ಬಾಟಲಿಯ ದಾಲ್ಚಿನ್ನಿ ಎಣ್ಣೆಯನ್ನು ಸುಮ್ನೆ ಅಂದಾಜಿನ ಮೇಲೆ ನೀರಿಗೆ ಹಾಕಬೇಡಿ. ಎಣ್ಣೆ ನೀರಿನಲ್ಲಿ ಬೆರೆಯದೆ ಬೊಟ್ಟು ಬೊಟ್ಟಾಗಿ ಎಲೆ ಮೇಲೆ ಕೂರುತ್ತದೆ, ಕೂತಲ್ಲಿ ಸುಡುತ್ತದೆ.

ಮತ್ತೆ ಬೀಜ ಹಾಕುವಾಗ ಮಣ್ಣಿಗೆ ದಾಲ್ಚಿನ್ನಿ ಬೆರೆಸಬೇಡಿ. ಅದು ಜಾಸ್ತಿಯಾದರೆ ಮೊಳಕೆಗೂ ಎಳೆ ಬೇರಿಗೂ ತಡೆ. ಹಳೇ ಕುಂಡದ ಮಣ್ಣು ಬೇಡವೇ ಬೇಡ, ರೋಗ ಅದರಿಂದಲೇ ಬಂದಿರುವ ಹಾಗಿದೆ. ಟ್ರೇ ತೊಳೆದು, ಒಂದು ಪಾಲು ಮನೆಬಳಕೆಯ ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ 30 ನಿಮಿಷ ಮುಳುಗಿಸಿಟ್ಟು, ಆಮೇಲೆ ಚೆನ್ನಾಗಿ ತೊಳೆಯಿರಿ.

ಕುಂಡತೋಟ (ಮೂರು ವಾರದ ನಂತರ):
ಹಳೇ ಟ್ರೇಯಲ್ಲಿ ಇನ್ನೂ 4 ಸಸಿ ಬಿದ್ದವು, ಆಮೇಲೆ ನಿಂತಿತು. 22 ಉಳಿದಿವೆ, ಕಾಂಡ ಪೆನ್ಸಿಲ್ ಒಳಗಿನ ಕಡ್ಡಿಗಿಂತ ದಪ್ಪಗಾಗಿದೆ. ಹೊಸ ಟ್ರೇಯಲ್ಲಿ ಬರೀ ಕೋಕೋಪೀಟ್ ಮತ್ತು ಪರ್ಲೈಟ್ (ಹಗುರವಾದ ಬಿಳಿ ಹರಳು) ಹಾಕಿದೆ. ನೀರು ಕೆಳಗಿನಿಂದ, ಪುಡಿ ಒಂದು ಚಿಟಿಕೆಯೂ ಇಲ್ಲ. ಒಂದೂ ಬಿದ್ದಿಲ್ಲ! ಈ 22 ಸಸಿಗಳನ್ನು ಕುಂಡಕ್ಕೆ ಹಾಕುವಾಗ ಆ ಮಣ್ಣೂ ಜೊತೆಗೆ ಹೋಗುತ್ತದಲ್ಲ, ಪರವಾಗಿಲ್ಲವಾ?

ಮಣ್ಣುಕೈ:
ಪರವಾಗಿಲ್ಲ. ಕಾಂಡ ಗಟ್ಟಿಯಾಗಿ, ಮೊಳಕೆಯ ಮೊದಲ ಜೋಡಿ ಎಲೆಯ ನಂತರದ ನಿಜವಾದ ಎಲೆಗಳು ಬಂದ ಮೇಲೆ ಈ ರೋಗಕ್ಕೆ ಸಸಿ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕುಂಡದ ತೂತು ಕಟ್ಟಿಕೊಂಡಿಲ್ಲ ಅಂತ ಮಾತ್ರ ನೋಡಿಕೊಳ್ಳಿ. ನೆಟ್ಟ ದಿನ ಒಮ್ಮೆ ನೀರು ಕೊಟ್ಟು, ಮತ್ತೆ ಕೊಡುವ ಮೊದಲು ಬೆರಳು ಒಂದು ಗೆಣ್ಣು ಇಳಿಸಿ ಒದ್ದೆ ಇದೆಯಾ ನೋಡಿ.