ಶೆಟ್ಟಿಹಳ್ಳಿ ಚರ್ಚಿನಲ್ಲಿ ಹಾರರ್ ಚಿತ್ರದ ಆರಂಭ: ಸಲಹೆ ಬೇಕು

ಪ್ರಶ್ನೆ: ಹಾಸನದ ನಮ್ಮ ಕಾಲೇಜು ತಂಡವು ಹಾರರ್ ಥ್ರಿಲ್ಲರ್ ಒಂದರ ಎರಡು ನಿಮಿಷದ ಆರಂಭವನ್ನು ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯ ಪಾಳು ಚರ್ಚಿನಲ್ಲಿ, ರಾತ್ರಿಯ ದೃಶ್ಯವಾಗಿ ಚಿತ್ರಿಸಬೇಕೆಂದಿದೆ. ದೀಪಗಳ ಬಾಡಿಗೆಗೆ ಹಣವಿಲ್ಲದಿರುವಾಗ ಮೊಬೈಲಿನಲ್ಲೇ ಇದು ಸಾಧ್ಯವೇ?

ಉತ್ತರ 1: ಪೂರ್ತಿ ಕತ್ತಲಲ್ಲಿ ಮೊಬೈಲಿನ ಪುಟ್ಟ ಸೆನ್ಸರ್ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಏರಿಸಿ ಚಿತ್ರವನ್ನು ಕೆಡಿಸುವುದರಿಂದ, ಸೂರ್ಯ ಮುಳುಗಿದ ಕೂಡಲೇ ಉಳಿಯುವ ನೀಲಿ ಬೆಳಕಿನಲ್ಲಿ, ಎಕ್ಸ್‌ಪೋಷರನ್ನು (ಚಿತ್ರ ಎಷ್ಟು ಬೆಳಗಿ ಕಾಣಬೇಕೆಂಬ ಹೊಂದಾಣಿಕೆ) ತಗ್ಗಿಸಿ ಲಾಕ್ ಮಾಡಿ, ದೃಶ್ಯ ಇನ್ನಷ್ಟು ನೀಲಿಯಾಗಿ ರಾತ್ರಿಯಂತೆ ಕಾಣಲು ವೈಟ್ ಬ್ಯಾಲೆನ್ಸನ್ನು (ಬಣ್ಣದ ಛಾಯೆಯ ಹೊಂದಾಣಿಕೆ) 3200 ಕೆಲ್ವಿನ್‌ಗೆ ಇಟ್ಟು ಚಿತ್ರೀಕರಿಸಿರಿ. ಆ ಬೆಳಕು ಬೇಗನೆ ಕರಗುವುದರಿಂದ ಶಾಟ್‌ಗಳ ತಾಲೀಮನ್ನು ಹಗಲಿನಲ್ಲೇ ಮುಗಿಸಿಕೊಳ್ಳಬೇಕು.

ಉತ್ತರ 2: ಮಳೆಗಾಲದಲ್ಲಿ ಚರ್ಚು ಭಾಗಶಃ ಮುಳುಗುತ್ತದೆ, ಬೇಸಿಗೆಯೇ ಲೇಸು, ಆದರೂ ಶಿಥಿಲ ಗೋಡೆಗಳ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ನನ್ನ ಅಭಿಪ್ರಾಯದಲ್ಲಿ ದೆವ್ವವನ್ನು ತೋರಿಸುವುದೇ ಬೇಡ (ಬಿಳಿ ಸೀರೆಗೆ ಈಗ ಮಕ್ಕಳೂ ನಗುತ್ತಾರೆ). ಹೆಜ್ಜೆಯ ಸದ್ದನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ಪಾತ್ರ ನಿಂತ ಮೇಲೂ ಅದನ್ನು ಒಂದು ಕ್ಷಣ ಮುಂದುವರಿಸಿರಿ.